ನಾಲ್ಕನೆಯ ಮಡಿಯ ತೇವ

ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರಾದ ಕೃಪಾ ಮೇಡಂ ಅವರೇ, ಮುಖ್ಯ ಅತಿಥಿಗಳಾದ ಟೆಕ್ ಪಾರ್ಕಿನ ಆಡಳಿತಾಧಿಕಾರಿ ಶಶಿಕುಮಾರ್ ಅವರೇ, ಸಸ್ಯಶಾಸ್ತ್ರ ವಿಭಾಗದ ನನ್ನ ಸಹೋದ್ಯೋಗಿಗಳೇ, ಒಗ್ಗರಣೆಯ ಘಮ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ,

ನಿವೃತ್ತಿಯ ದಿನ ಒಬ್ಬ ಮನುಷ್ಯನ ಬಗ್ಗೆ ಇಷ್ಟೊಂದು ಒಳ್ಳೆಯ ಮಾತು ಆಡಬಾರದು, ಅವನು ನಂಬಿಬಿಡುತ್ತಾನೆ. ಈಗಷ್ಟೇ ನಮ್ಮ ವಿಭಾಗದ ನೀಲಾಂಬಿಕಾ ಅವರು, "ಹುಲ್ಲು ಒತ್ತಾಗಿದ್ದಷ್ಟೂ ಮಣ್ಣಿನ ತೇವ ಹೆಚ್ಚು ಎಂದು ಹೂಡಿಯ ನೆಲದಲ್ಲೇ ತೋರಿಸಿಕೊಟ್ಟವರು ನಮ್ಮ ವೆಂಕಟರಮಣಪ್ಪನವರು" ಎಂದರು. ನೀವು ಚಪ್ಪಾಳೆ ತಟ್ಟಿದಿರಿ, ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡಿರೋ ಏನೋ. ವಿನಯ ಅಲ್ಲ ಸ್ವಾಮಿ, ನಾಚಿಕೆ.

2011ರ ಮಾತು. ಶಶಿಕುಮಾರ್ ಅವರ ಪಾರ್ಕಿನ ಹಿಂದೆ ಮೂರು ಎಕರೆ ಖಾಲಿ ಜಾಗವಿತ್ತು, ಮೊದಲು ಹೂಡಿ ಹಳ್ಳಿಯ ದನ ಮೇಯುತ್ತಿದ್ದ ಜಾಗ. ಕಡಿಮೆ ನೀರಿನಲ್ಲಿ ಅಲ್ಲಿ ನಾಡಹುಲ್ಲು ಬೆಳೆಸಬೇಕು, ಎಷ್ಟು ಒತ್ತಾಗಿ ನೆಡಬೇಕು ಹೇಳಿ ಎಂದರು. ನಾನು ಒಂದು ಮೂಲೆಯಲ್ಲಿ ಬದು ಕಟ್ಟಿಸಿ ನಾಲ್ಕು ಮಡಿ ಮಾಡಿಸಿದೆ. ಮೊದಲನೆಯದರಲ್ಲಿ ಹುಲ್ಲು ವಿರಳ, ನಾಲ್ಕನೆಯದರಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಒತ್ತು. ಎಲ್ಲಕ್ಕೂ ವಾರಕ್ಕೆ ಎರಡೆರಡು ಕೊಡ ನೀರು. ಶನಿವಾರ ಪ್ರತಿ ಮಡಿಯ ಮಣ್ಣು ತೆಗೆದು ತೂಗಿ, ಒಣಗಿಸಿ, ಮತ್ತೆ ತೂಗುವುದು. ಕಡಿಮೆಯಾದ ತೂಕವೇ ಮಣ್ಣಿನಲ್ಲಿದ್ದ ನೀರು. ಕೊಡ ಹೊರುತ್ತಿದ್ದವರು ಹನುಮವ್ವ. ಸಿಂಧನೂರು ಕಡೆಯಿಂದ ಬಂದು ತೋಟದ ಕೆಲಸಕ್ಕೆ ಸೇರಿದ್ದವರು.

ಪ್ರತಿ ವಾರವೂ ನಾಲ್ಕನೆಯ ಮಡಿಯದೇ ಒದ್ದೆ ಮಣ್ಣು. ಒತ್ತು ಹುಲ್ಲಿನ ನೆರಳು ತೇವ ಕಾಯುತ್ತಿದೆ ಎಂದು ಹಿಗ್ಗಿಹೋದೆ. ವರದಿ ಬರೆಯಲು ಕುಳಿತಾಗ ಹನುಮವ್ವ ಬಂದು ನಿಂತರು.

"ಸರ, ನಾಕನೇ ಮಡ್ಯಾಗ ನಾವು ಹತ್ತು ಮಂದಿ ಉಂಡು ಕೈ ತೊಳೀತೀವ್ರಿ. ಡಬ್ಬಿನೂ ಅಲ್ಲೇ. ಬ್ಯಾರೆ ಕಡೆ ಕೆಸರಾಕ್ಕತಿ, ಅಲ್ಲಿ ಹುಲ್ಲೈತಿ. ಅದಕ್ಕ ಅದು ಹಸಿ ಇರ್ತೈತ್ರಿ."

ಪಾರ್ಕಿನ ಒಳಗಿನ ನಲ್ಲಿಗೆ ಅವರನ್ನು ಬಿಡುತ್ತಿರಲಿಲ್ಲ. ಇದನ್ನು ಕೇಳಿದ ಮೇಲೆ ಒಬ್ಬ ಮೇಷ್ಟ್ರು ಏನು ಮಾಡಬೇಕು, ಹೇಳಿ? ಪ್ರಯೋಗವನ್ನು ಮೊದಲಿನಿಂದ ಶುರು ಮಾಡಬೇಕು. ನಾನು ಏನು ಮಾಡಿದೆ? "ನಿನಗೆ ಹೇಳಿದಷ್ಟು ಮಾಡಮ್ಮ" ಅಂದೆ. ಅಯ್ಯೋ, ಇದನ್ನೂ ಹೇಳಿಬಿಡುತ್ತೇನೆ. ಶನಿವಾರಗಳಂದು ನಾನೂ ಅಲ್ಲೇ ಉಂಡು ಅದೇ ಮಡಿಯಲ್ಲಿ ಕೈ ತೊಳೆದವನು! ನಗಿ, ಪರವಾಗಿಲ್ಲ. ನನಗೂ ಒಮ್ಮೊಮ್ಮೆ ನಗು ಬರುತ್ತದೆ.

ಆ ವರದಿ ಓದಲು ದೆಹಲಿಯ ಒಂದು ವಿಚಾರ ಸಂಕಿರಣದಿಂದ ಕರೆ ಬಂದಿತ್ತು. ನನ್ನ ಹೆಂಡತಿಯ ತವರಿನಲ್ಲಿ ಎಲ್ಲರೂ ಡಾಕ್ಟರು, ಇಂಜಿನಿಯರು. ಅಲ್ಲಿ ನನಗೆ 'ಹುಲ್ಲು ಭಾವ' ಎಂದು ಹೆಸರು. ಹುಲ್ಲು ಭಾವ ವಿಮಾನ ಹತ್ತಿ ದೆಹಲಿಗೆ ಹೋಗುತ್ತಾನೆ ಎಂದು ಅವರಿಗೆಲ್ಲ ಆಗಲೇ ಫೋನ್ ಮಾಡಿಬಿಟ್ಟಿದ್ದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇತ್ತೇ ಎಂದು ಎಷ್ಟು ಹುಡುಕಿದರೂ ಸಿಕ್ಕಿಲ್ಲ.

ನನ್ನ ಮಾತು ನಂಬಿ, ಅದೇ ನಾಲ್ಕನೆಯ ಮಡಿಯ ಸಸಿ ಕಿತ್ತು ಮೂರೂ ಎಕರೆಗೆ ಒತ್ತಾಗಿ ನೆಟ್ಟರು. ಮುಂದಿನ ಬೇಸಿಗೆಯಲ್ಲಿ ಅಷ್ಟೂ ಹುಲ್ಲು ಸೇರಿ ನೆಲದ ತೇವವನ್ನೆಲ್ಲ ಹೀರಿ, ಏಪ್ರಿಲ್ ಹೊತ್ತಿಗೆ ಬುಡಸಮೇತ ಒಣಗಿತು. ಶಶಿಕುಮಾರ್ ಅವರು ಕಾರಣ ಕೇಳಿದರು. 'ನೀರು ಹಾಕುವ ಕೆಲಸಗಾರ್ತಿಯ ನಿರ್ಲಕ್ಷ್ಯ' ಎಂದು ಬರೆದು ಸಹಿ ಹಾಕಿ ಕೊಟ್ಟೆ. ಹನುಮವ್ವನ ಗೇಟ್ ಪಾಸ್ ಕಿತ್ತುಕೊಂಡರು. ಸುತ್ತಮುತ್ತಲ ಯಾವ ಪಾರ್ಕಿನಲ್ಲೂ ಅವರಿಗೆ ತೋಟದ ಕೆಲಸ ಸಿಗಲಿಲ್ಲ. ಆ ಹೆಂಗಸು ಒಂದು ದಿನವೂ ನೀರು ತಪ್ಪಿಸಿರಲಿಲ್ಲ, ಅದು ನನಗೆ ಗೊತ್ತಿತ್ತು.

ಹೋದ ಭಾನುವಾರ ವಿಚಾರಿಸಿಕೊಂಡು ಬೆಳ್ಳಂದೂರಿಗೆ ಹೋದೆ. ಅಲ್ಲೊಂದು ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದಾರೆ. ನಾನು ಬಾಯಿ ತೆರೆಯುವ ಮೊದಲು ಅವರೇ ಕೇಳಿದರು.

"ಸರ, ನಮ್ಮ ಎಂಜಲ ನೀರಿಗೇ ಆ ಹುಲ್ಲೆಲ್ಲ ಸತ್ತಿತೇನ್ರಿ? ಆ ಮಡೀದೇ ಸಸಿ ಎಲ್ಲಾ ಕಡೆ ಹಚ್ಚಿದ್ರಲ್ಲ. ಇಷ್ಟು ವರ್ಷ ಅದೇ ಮನಸಿನ್ಯಾಗ ಕೊರೀತೈತ್ರಿ."

ಕೆಲಸ ಕಳೆದದ್ದು ಒಂದು, ಇದು ಇನ್ನೊಂದು. ನನ್ನ ತಪ್ಪನ್ನು ಅವರು ತಮ್ಮ ಕೈಯ ಪಾಪ ಎಂದು ಹೊತ್ತುಕೊಂಡು ತಿರುಗುತ್ತಿದ್ದರು. "ಇಲ್ಲಮ್ಮ, ನೀವು ಹೇಳಿದ್ದೇ ಸರಿ, ತಪ್ಪು ನನ್ನದು" ಎಂದೆ. "ಮತ್ತ ಅವತ್ತ ಯಾಕ ಹೇಳ್ಲಿಲ್ರಿ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶಶಿಕುಮಾರ್ ಅವರೇ, ಈ ಲಕೋಟೆ ನಿಮಗೆ. ಅವತ್ತು ಬರೆದದ್ದು ಸುಳ್ಳು ಎಂದು ಇದರಲ್ಲಿದೆ, ನನ್ನ ಸಹಿಯೂ ಇದೆ. ನಿಮ್ಮ ದಫ್ತರದಲ್ಲಿ ಅವರ ಹೆಸರಿನ ಮುಂದಿರುವ ಮಾತನ್ನು ದಯವಿಟ್ಟು ಹೊಡೆದುಹಾಕಿ.

ಹನುಮವ್ವನನ್ನು ಈ ಸಭೆಗೆ ಕರೆದಿದ್ದೆ, ನೀವೇ ಬಂದು ಹೇಳಿ ಎಂದು. ಅವರು ಇಟ್ಟಿಗೆ ಹೊರಲು ತಲೆಗೆ ಬಟ್ಟೆಯ ಸಿಂಬಿ ಇಟ್ಟುಕೊಳ್ಳುತ್ತಾ ಹೇಳಿದರು. "ಅವತ್ತ ನಿಮಗ ಒಬ್ರಿಗೇ ಹೇಳಿದ್ರ ಕೇಳ್ಲಿಲ್ಲ. ಅಷ್ಟು ಮಂದಿ ಕೇಳ್ತಾರೇನ್ರಿ? ನೀವ ಹೇಳ್ರಿ."

ಹೇಳಿದ್ದೇನೆ. ಕೇಳಿಸಿಕೊಂಡ ನಿಮ್ಮೆಲ್ಲರಿಗೂ ಕೃತಜ್ಞತೆಗಳು, ನಮಸ್ಕಾರ.