ಹರಸುವ ಕೈ

ಶುಕ್ರವಾರ ಸಂಜೆ, ಯೆಹೂದ್ಯರ ವಾರದ ವಿಶ್ರಾಂತಿದಿನವಾದ ಸಬ್ಬತ್ ಶುರುವಾಗಲು ಅರ್ಧ ಗಂಟೆಯಿತ್ತು. ಜೆರುಸಲೇಮಿನ ಆಸ್ಪತ್ರೆಯೊಂದರ ತೀವ್ರ ನಿಗಾ ವಾರ್ಡಿನ ಹೊರಗೆ, ಒಳಗೆ ಮಲಗಿದ್ದ ತಮ್ಮನಿಗಾಗಿ ಕಾಯುತ್ತಿದ್ದ ಪೆನಿನಾಳಿಗೆ ಪಕ್ಕದ ಬೆಂಚಿನ ಗಂಡಹೆಂಡಿರ ಮಾತು ಕೇಳಿಸಿತು.

“ಪ್ರತಿ ವಾರದ ಹಾಗೆ ಹೋದ ಶುಕ್ರವಾರವೂ ಮಗಳ ತಲೆ ಮೇಲೆ ಕೈಯಿಟ್ಟು ಹರಸ್ದೆನಲ್ಲ ಬ್ರುರಿಯಾ, ಆಗ ನಾನು ಯೋಚಿಸ್ತಿದ್ದದ್ದು ಕಾರಿನ ಟೈರು.”

“ಅವಳಿಗೂ ಗೊತ್ತಾಯ್ತು. ‘ಅಪ್ಪ ಅರ್ಧ ಆಶೀರ್ವಾದ ನುಂಗಿಬಿಟ್ರು’ ಅಂತ ನಕ್ಕಳು.”

“ಸೈಕಲ್ಲಿಂದ ಬಿದ್ದು ಈಗ ತಲೆ ತುಂಬ ಬ್ಯಾಂಡೇಜು. ಎಲ್ಲಿ ಮುಟ್ಲಿ?”

“ಪಾದ ಮುಟ್ಟಿ.”

“ಅವಳಿಗೆ ಕೇಳ್ಸುತ್ತಾ?”

“ಗೊತ್ತಿಲ್ಲರೀ. ನನ್ನನ್ನೇನೂ ಕೇಳ್ಬೇಡಿ.”

ನರ್ಸ್ ಬಾಗಿಲು ತೆರೆದು, ಒಬ್ಬರೇ ಬನ್ನಿ, ಐದೇ ನಿಮಿಷ ಎಂದಳು. ಎದ್ದ ಗಂಡ ಗೋಡೆ ಹಿಡಿದು ನಿಂತ.

“ನೀನೇ ಹೋಗು. ನನ್ನ ಕೈಲಾಗಲ್ಲ.”

“ಪೂರ್ತಿ ಐದು ನಿಮಿಷ ಇದೆ. ಆಶೀರ್ವಾದ ನಿಧಾನವಾಗಿ ಹೇಳಿ,” ಎಂದು ಬ್ರುರಿಯಾ ಅವನನ್ನು ಒಳಗೆ ತಳ್ಳಿದಳು.