ಝೈನನ ಪಾಳಿ

ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನ ಡೇಕೇರ್ ಒಂದರ ಪಡಸಾಲೆಯಲ್ಲಿ ಹರಿಣಿ ಐದು ತಿಂಗಳ ಮಗನನ್ನೆತ್ತಿಕೊಂಡು ಕುಳಿತಿದ್ದಳು. ಸೋಮವಾರವೇ ಅವಳು ಕೆಲಸಕ್ಕೆ ಮರಳಬೇಕಿತ್ತು. ಪಕ್ಕದಲ್ಲಿ ಗೆಳತಿ ತಾಹಿರಾ. ಎದುರು ಬೆಂಚಿಗೆ ಕೇಳಿಸಿದ್ದಿಷ್ಟು.

“ವೇಟ್‌ಲಿಸ್ಟಲ್ಲಿ ನಮ್ದು ಎಂಬತ್ತೊಂದನೇದು,” ಎಂದಳು ಹರಿಣಿ.

“ನನ್ನ ತಂಗಿಗೆ ಡೆನ್ಮಾರ್ಕಲ್ಲಿ ಆರು ತಿಂಗಳಿಗೇ ಸೀಟ್ ಸಿಕ್ತು. ಮುಕ್ಕಾಲು ಖರ್ಚು ಸರ್ಕಾರದ್ದು.”

“ಇಲ್ಲಿ?”

“ಇಲ್ಲಿ ನನ್ನ ಮಗ ಝೈನ್ ಹುಟ್ಟಿದಾಗ ಹೆಸರು ಬರೆಸಿದ್ದೆ. ಇನ್‌ಫೆಂಟ್ ರೂಮಲ್ಲಿ ಸೀಟ್ ಇವತ್ತು ಬಂತು.”

“ಅವನು ಸೆಕೆಂಡ್ ಗ್ರೇಡ್ ಅಲ್ವೇನೇ?”

“ಹೂಂ. ಮುಂದಿನ ಹಲ್ಲಿಲ್ಲ, ಅಷ್ಟರಮಟ್ಟಿಗೆ ಇನ್‌ಫೆಂಟೇ.”

“ಆ ಸೀಟ್ ನಮಗೆ ಕೊಡ್ತೀಯಾ?”

“ಹೆಸರು ಚೇಂಜ್ ಮಾಡಲ್ವಂತೆ.”

ಅಷ್ಟರಲ್ಲಿ ಒಳಗಿನಿಂದ ಬಂದ ಹೆಂಗಸು “ಝೈನ್?” ಎಂದು ಕರೆದಳು.

ಹರಿಣಿ ಮಗನ ಟೋಪಿ ಸರಿಪಡಿಸಿ ಎದ್ದಳು. ಡಯಾಪರ್ ಚೀಲ ಹೊತ್ತು ಹಿಂದೆಯೇ ನಡೆದ ತಾಹಿರಾ ಪಿಸುಗುಟ್ಟಿದಳು: “ಬರ್ತ್‌ಡೇ ಕೇಳಿದ್ರೆ ನಾನು ಹೇಳ್ತೀನಿ. ನೀನು ಇವನನ್ನ ಅಳಿಸ್ತಿರು.”