ನೀಲಿ ನೀರಿನ ನಳಿಗೆ

ಗ್ಯಾರೇಜಿನಲ್ಲಿ ಕೈಯಿರುವ ಕುರ್ಚಿ ಇದ್ದದ್ದು ಒಂದೇ. ಮಳೆ ಹಿಡಿದ ದಿನ ಅದರಲ್ಲಿ ಯಾರು ಕೂರಬೇಕೆಂಬುದು ಹುಡುಗಾಟದ ವಿಷಯವಲ್ಲ. ಇದಕ್ಕಿಂತ ಸಣ್ಣ ಕಾರಣಕ್ಕೆ ರಾಜ್ಯಗಳು ಮುಳುಗಿವೆ. ಟೈರಿನವನು ತನ್ನ ಸೊಂಟನೋವನ್ನು ಮುಂದಿಟ್ಟ. ಪೇಂಟರ್ ತನ್ನ ವಯಸ್ಸನ್ನು ಮುಂದಿಟ್ಟ. ಬ್ಯಾಟರಿಯವನು ಏನನ್ನೂ ಮುಂದಿಡದೆ ಕೂತೇಬಿಟ್ಟ. ವ್ಯಾಜ್ಯ ಇನ್ನೂ ಬಿಸಿಯಾಗುತ್ತಿರುವಾಗಲೇ ಹಿಂಬಾಗಿಲು ತೆರೆದು ಶೆಡ್ಡಿನ ಒಡತಿ, ಹಿಂದಿನ ಮೇಸ್ತ್ರಿಯ ಹೆಂಡತಿ, ಶಾಲು ಹೊದ್ದು ಬಂದಳು. ಬ್ಯಾಟರಿಯವನು ತಾನಾಗಿ ಎದ್ದ. ಅಜ್ಜಿ ಕೂತಳು. ಇತಿಹಾಸ ಅಲ್ಲಿಗೆ ಮುಗಿಯಿತು.

ಸಂಜೆ ಇನ್ನೂ ಕತ್ತಲಾಗಿರಲಿಲ್ಲ, ಆದರೆ ಕರೆಂಟು ಹೋಗಿತ್ತು. ತಗಡಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಶಟರನ್ನು ಅರ್ಧ ಇಳಿಸಿದ್ದರು.

"ಅಜ್ಜಿ, ಕೈಯಲ್ಲಿ ಕೆಲಸವಿಲ್ಲ. ಒಂದು ದೆವ್ವದ ಕತೆ ಹೇಳಿ," ಎಂದ ಟೈರಿನವನು. "ಮನೆಗೆ ಹೋದರೆ ಭಯ ಇದ್ದೇ ಇದೆ. ಬೇರೆ ಥರದ್ದು ಬೇಕು."

"ನನ್ನ ಹತ್ತಿರ ಇರೋ ದೆವ್ವ ಭಯದ್ದಲ್ಲಪ್ಪ, ನಾಚಿಕೆಯದು," ಎಂದಳು ಅಜ್ಜಿ. "ನಡೆಯುತ್ತಾ?"

ನಡೆಯುತ್ತೆ ಎಂದರು.

"ನಮ್ಮ ಯಜಮಾನರನ್ನ ಕಿವಿ ಮೇಸ್ತ್ರಿ ಅಂತಿದ್ದರು. ಉದ್ದ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ... ಅಷ್ಟೇ. ಎಂಜಿನ್ನು ಹೊಟ್ಟೆಯೊಳಗಿನ ಗುಟ್ಟೆಲ್ಲ ಕಕ್ಕಿಬಿಡೋದು. ನಾನು ಹೇಳಿದ್ದು ಮಾತ್ರ ಆ ಕಿವಿಗೆ ಬೀಳ್ತಿರಲಿಲ್ಲ, ಆ ಮಾತು ಬಿಡಿ. ಆಮೇಲೆ ಎದುರುಗಡೆ ಹೊಸ ಗ್ಯಾರೇಜು ಬಂತು. ಅವನ ಹತ್ತಿರ ಒಂದು ಗಾಜಿನ ನಳಿಗೆ, ಒಳಗೆ ನೀಲಿ ಔಷಧಿ. ರೇಡಿಯೇಟರಿನ ಬಾಯಿಗೆ ನಳಿಗೆ ಒತ್ತಿ, ಮೇಲಿನ ರಬ್ಬರ್ ಉಂಡೆ ಹಿಸುಕಿದರೆ ಗಾಳಿ ಗುಳುಗುಳು ಅಂತ ನೀಲಿಯೊಳಗಿಂದ ಏಳೋದು. ಎಂಜಿನ್ನಲ್ಲಿ ಉರಿದ ಗ್ಯಾಸು ನೀರಿಗೆ ಸೋರಿದ್ದರೆ ನೀಲಿ ಹೋಗಿ ಹಳದಿ. ಸೋರದಿದ್ದರೆ ನೀಲಿ ನೀಲಿಯೇ. ಜನಕ್ಕೆ ಕಣ್ಣಿಗೆ ಕಂಡದ್ದು ಬೇಕು ನೋಡಿ... ಎಲ್ಲ ಆ ಕಡೆ ಹೊರಟರು. ಇವರೂ ಒಂದು ನಳಿಗೆ ತಂದರು.

"ಔಷಧಿ ಮುಗೀತು. ಹೊಸದು ದೂರದಿಂದ ಬರಬೇಕು. ಬರೋವರೆಗೆ ಅಂತ ಏನು ತುಂಬಿಸಿದರು ಗೊತ್ತಾ? ಬಟ್ಟೆಗೆ ಹಾಕೋ ನೀಲಿ. ನಮ್ಮ ಮನೆ ನೀಲಿ ಯಾಕೆ ಇಷ್ಟು ಬೇಗ ಖಾಲಿಯಾಗುತ್ತೆ ಅಂತ ನಾನು ಅಗಸಗಿತ್ತಿ ಮೇಲೆ ಅನುಮಾನ ಪಟ್ಟೆ, ಪಾಪ."

ಪೇಂಟರ್ ನಕ್ಕ. ಅಜ್ಜಿ ನಗಲಿಲ್ಲ.

"ಕಿವಿಗೆ ಸರಿ ಅನಿಸಿದ ಗಾಡಿಗೆ ನಳಿಗೆ ಹಿಡಿಯೋರು, ನೀಲಿ ತೋರಿಸೋರು. ಕೆಟ್ಟಿದೆ ಅನಿಸಿದರೆ, ಇದಕ್ಕೆ ನಳಿಗೆ ಯಾಕೆ ದಂಡ, ಇಲ್ಲಿಗೇ ಕೇಳಿಸ್ತಿದೆ, ಅನ್ನೋರು. ಒಂದು ದಿನವೂ ತಪ್ಪು ಹೇಳಿದ್ದಿಲ್ಲ. ನಳಿಗೆ ಸುಳ್ಳು, ಕಿವಿ ನಿಜ... ಯಾರಿಗೇನು ನಷ್ಟ? ನೀವೇ ಹೇಳಿ.

"ಅವರಿಗೊಬ್ಬಳು ತಂಗಿ. ಹೊಲಿಗೆಯವಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಅವರ ಮನೆ ಬಚ್ಚಲಿಗೆ ಗ್ಯಾಸಿನ ಹೀಟರ್ ಹಾಕಿಸಿದರು. ಸ್ವಲ್ಪ ದಿನದಲ್ಲೇ ಶುರುವಾಯ್ತು... ಸ್ನಾನ ಮಾಡಿ ಬಂದರೆ ತಲೆನೋವು, ಕಣ್ಣು ಕತ್ತಲೆ, ಗೋಡೆ ಹಿಡಿದುಕೊಂಡು ನಡೆಯೋಳು. ಡಾಕ್ಟರು ರಕ್ತ ಕಡಿಮೆ ಅಂದರು. ಗಂಡ ಸೋಮಾರಿತನ ಅಂದ. ಅತ್ತೆಗೆ ಹೆಸರಿಡೋಕೆ ಹೇಳಿಕೊಡಬೇಕಾ?"

ಟೈರಿನವನು ಹಲ್ಲಿಗೆ ಚುಚ್ಚುತ್ತಿದ್ದ ಕಡ್ಡಿಯನ್ನು ಕೆಳಗಿಳಿಸಿದ. ಮಳೆ ಹಿಡಿದಂದಿನಿಂದ ಅವನ ಹೆಂಡತಿಯೂ ಸ್ನಾನವಾದ ಮೇಲೆ ತಲೆ ಹಿಡಿದು ಕೂರುತ್ತಿದ್ದಳು. ಅವರ ಬಚ್ಚಲಲ್ಲೂ ಗ್ಯಾಸಿನ ಹೀಟರೇ; ಎರಚಲು ಬರುತ್ತದೆಂದು ಅದರ ಕಿಟಕಿಗೆ ತಗಡು ಬಡಿದವನು ಅವನೇ. "ನಮ್ಮಮ್ಮ ಬರೋ ದಿನ ಹತ್ತಿರ ಬಂತಲ್ಲ, ಅದಕ್ಕೇ ಈ ತಲೆನೋವು," ಎಂದು ಬೆಳಿಗ್ಗೆ ತಾನೆ ಹೇಳಿದ್ದ. ಒಳ್ಳೆಯ ಮಾತೆಂದುಕೊಂಡಿದ್ದ. ಅವಳು ನಕ್ಕಿರಲಿಲ್ಲ.

"ಅವಳು ಅಣ್ಣನ ಹತ್ತಿರ ಬಂದಳು," ಅಜ್ಜಿ ಮುಂದುವರಿಸಿದಳು. "'ನಿನ್ನ ನಳಿಗೆ ಉರಿದ ಗ್ಯಾಸು ಹಿಡಿಯುತ್ತಲ್ಲ ಅಣ್ಣ, ನಮ್ಮ ಬಚ್ಚಲಲ್ಲಿ ಒಂದು ಸಲ ಹಿಡಿದು ನೋಡು. ಅವರು ನಿನ್ನ ಮಾತಾದರೂ ಕೇಳ್ತಾರೆ.' ಇವರು ಹೋದರು. ಗಂಡ, ಅತ್ತೆ, ಪಕ್ಕದ ಮನೆಯವರು ಎಲ್ಲ ಬಚ್ಚಲ ಬಾಗಿಲಲ್ಲಿ. ಒಂದೇ ಒಂದು ಮಾತು ಹೇಳಬೇಕಿತ್ತು... 'ತಂಗೀ, ಇದು ಬಟ್ಟೆ ನೀಲಿ.' ಅಷ್ಟು ಜನರ ಮುಂದೆ ನಾಲಿಗೆ ಏಳಲಿಲ್ಲ. ಹಿಡಿದರು. ಹಿಸುಕಿದರು. ನೀಲಿ! 'ಏನೂ ಇಲ್ಲಮ್ಮ, ಎಲ್ಲ ನಿನ್ನ ಭ್ರಮೆ.' ಅತ್ತೆ ನಕ್ಕಳು, ಗಂಡ ನಕ್ಕ. ಅವಳು ಬೇಜಾರು ಮಾಡಿಕೊಂಡಳಾ? ಇಲ್ಲ. 'ಸದ್ಯ, ಅಣ್ಣ ನೋಡಿದನಲ್ಲ,' ಅಂದಳು. ಅಲ್ಲಿವರೆಗೆ ಬಾಗಿಲು ಸ್ವಲ್ಪ ಓರೆ ಮಾಡಿಕೊಂಡು ಸ್ನಾನ ಮಾಡ್ತಿದ್ದವಳು ಅವತ್ತಿನಿಂದ ಪೂರ್ತಿ ಹಾಕಿಕೊಂಡಳು.

"ಆ ವಾರವೇ ಹೋದಳು. ಹೀಟರಿನ ಹೊಗೆ ಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿತ್ತಂತೆ, ಉರಿದ ಗ್ಯಾಸೆಲ್ಲ ಬಚ್ಚಲಲ್ಲೇ ನಿಂತಿತ್ತು. ಆ ಗ್ಯಾಸಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಸದ್ದಿಲ್ಲ. ಕಿವಿ ಮೇಸ್ತ್ರಿಗೆ ಅಲ್ಲೇನು ಕೆಲಸ?"

ಮಳೆ ಸ್ವಲ್ಪ ತಗ್ಗಿ, ಮತ್ತೆ ಏರಿತು.

"ಅದಾದ ಮೇಲೆ ಒಂದು ದಿನ ಒಳ್ಳೇ ಗಾಡಿಯೊಂದಕ್ಕೆ ನಳಿಗೆ ಹಿಡಿದರು... ಹಳದಿ. ಚೆಲ್ಲಿ, ತೊಳೆದು, ಹೊಸ ನೀಲಿ ತುಂಬಿದರು. ಹಳದಿ. ಯಾವ ಗಾಡಿಗೆ ಹಿಡಿದರೂ ಹಳದಿ. ಗಿರಾಕಿಗಳು ಎದುರುಗಡೆಯವನ ಹತ್ತಿರ ಹೋಗಿ ತೋರಿಸಿ, ಗಾಡಿ ಸರಿಯಾಗಿದೆಯಂತಲ್ಲ ಅಂತ ಬಂದು ಜಗಳ ಮಾಡೋರು."

"ಬಟ್ಟೆ ನೀಲಿ ಬರೀ ಗಾಳಿಗೆ ಹಳದಿ ಆಗಲ್ಲ ಅಜ್ಜಿ," ಎಂದ ಪೇಂಟರ್. "ಬಣ್ಣದ ವಿಷಯ ನನಗೆ ಹೇಳಬೇಡಿ."

"ಆಗಲ್ಲ ಮಗಾ. ಅದು ಅವರಿಗೂ ಗೊತ್ತು. ಯಾರ ಹತ್ತಿರ ಹೇಳಬೇಕು? ದೆವ್ವ ಬಂದಿದೆ, ನೀಲಿ ಹಳದಿಯಾಗ್ತಿದೆ ಅನ್ನಬೇಕಾದರೆ, ಮೊದಲು ಅದು ಎಂಥಾ ನೀಲಿ ಅಂತ ಹೇಳಬೇಕಲ್ಲ..."

ಬ್ಯಾಟರಿಯವನು ಅಜ್ಜಿಯ ಕುರ್ಚಿಯ ಹತ್ತಿರಕ್ಕೆ ಸರಿದ.

"ಆಮೇಲೆ ಯಾರೂ ಹಿಸುಕದೆ ಇದ್ದರೂ ಗುಳ್ಳೆ ಏಳೋಕೆ ಶುರುವಾಯ್ತು. ಇವರು ಊಟಕ್ಕೆ ಕೂತರೆ ಗೋಡೆಗೂಡಿನಲ್ಲಿಟ್ಟ ನಳಿಗೆ ಗುಳುಗುಳು. ಒಂದಿಷ್ಟು ಹೊತ್ತು, ಆಮೇಲೆ ತಡೆದು, ಮತ್ತೆ ಒಂದಿಷ್ಟು... ಹೊಲಿಗೆ ಮೆಷಿನ್ ತುಳಿಯೋರು ನೂಲು ಸರಿ ಮಾಡಿಕೊಳ್ಳೋಕೆ ನಿಲ್ಲಿಸಿ ತುಳೀತಾರಲ್ಲ, ಹಾಗೆ. ನನ್ನ ಹತ್ತಿರ ಬಾಯಿ ಬಿಟ್ಟದ್ದು ಆಗ, ಗೋಡೆ ಕಡೆ ಮುಖ ಮಾಡಿ. ತಂಗಿ ಮನೆಯವರಿಗೂ ಹೇಳಿ ಬನ್ನಿ ಅಂದೆ. ನಳಿಗೆ ಜೇಬಲ್ಲಿಟ್ಟುಕೊಂಡು ಹೋದರು. ಗೇಟಿನವರೆಗೆ ಹೋಗಿ ವಾಪಸ್ ಬಂದರು. ಮಾರನೆ ದಿನವೂ ಗೇಟು. ಆ ಗೇಟಿಗೆ ಅವರ ಕೈಗುರುತು ಬಿದ್ದಿತ್ತು, ಒಳಗೆ ಕಾಲು ಬೀಳಲಿಲ್ಲ. ಹೇಳದೇ ಹೋದರು... ಒಂದು ಮಾತು. ಅದನ್ನ ಹೇಳೋದಕ್ಕಿಂತ ಜೀವ ಬಿಡೋದೇ ಸುಲಭವಾಯ್ತು ಅವರಿಗೆ."

"ನಳಿಗೆ ಎಸೆದುಬಿಟ್ಟಿರಾ?" ಎಂದ ಬ್ಯಾಟರಿಯವನು.

"ಮನಸ್ಸಾಗಲಿಲ್ಲ. ನೀರು ಚೆಲ್ಲಿ, ಒರೆಸಿ, ಕೋಣೆಯಲ್ಲಿಟ್ಟಿದೀನಿ. ಒಣ ನಳಿಗೆ. ಮಳೆ ಬಂದು ಜನ ಕಿಟಕಿ ಮುಚ್ಚಿಕೊಂಡರೆ ಒಂದೊಂದು ದಿನ ಗುಳುಗುಳು ಅನ್ನುತ್ತೆ. ಅಂದ ಮಾರನೆ ದಿನ ಅಕ್ಕಪಕ್ಕದಿಂದ ಯಾವುದೋ ಮನೆಯ ಸುದ್ದಿ ಬರುತ್ತೆ." ಅಜ್ಜಿ ಶಾಲು ಎಳೆದುಕೊಂಡಳು. "ಈ ಮಳೆಯಲ್ಲಿ ನಾನು ಬೆಚ್ಚಗಿನ ಕೋಣೆ ಬಿಟ್ಟು, ನಿಮ್ಮ ಗ್ರೀಸ್ ವಾಸನೆ ಕುಡಿಯೋಕೆ ಯಾಕೆ ಬಂದು ಕೂತೆ ಅಂದುಕೊಂಡಿರಿ? ಮಧ್ಯಾಹ್ನದಿಂದ ಅಲ್ಲಿ ಕೂರೋಕಾಗ್ತಿಲ್ಲಪ್ಪ..."

ಟೈರಿನವನು ಎದ್ದು ನಿಂತ.

"ಏನೋ, ಹೆದರಿಬಿಟ್ಟೆಯಾ?" ಎಂದ ಪೇಂಟರ್.

ಇಂಥ ಮಾತಿಗೆ ಟೈರಿನವನು ಎಂದೂ ಸುಮ್ಮನಿದ್ದವನಲ್ಲ. ಈಗ ಶಟರಿನಡಿ ಬಗ್ಗಿ, ಕೊಡೆ ಬಿಟ್ಟು ಮನೆಗೆ ಓಡಿದ.

ಬಚ್ಚಲ ಬಾಗಿಲು ಹಾಕಿತ್ತು. ಒಳಗೆ ನೀರು ಸುರಿಯುತ್ತಲೇ ಇತ್ತು. ಕೂಗಿದರೆ ಹೆಂಡತಿ ಓಗೊಡಲಿಲ್ಲ. ಅವನು ಭುಜ ಕೊಟ್ಟು ಬಾಗಿಲು ಒಡೆದು, ಅವಳನ್ನು ಎತ್ತಿ ಹೊರಗೆ ತಂದು ಮಳೆಯಲ್ಲೇ ಮಲಗಿಸಿದ.

ಹೆಂಡತಿ ಉಳಿದಳು. ಹೇಗಾಯಿತೆಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, ಅವನ ಅತ್ತೆ ಮಾವ ಸುತ್ತ ನಿಂತಿದ್ದರು. ಬಚ್ಚಲ ಕಿಟಕಿ ಮುಚ್ಚಿತ್ತು, ಎಂದ ಟೈರಿನವನು. ಮುಚ್ಚಿದವರು ಯಾರೆಂದು ಹೇಳಲಿಲ್ಲ.